ಟ್ರಾಮ್ ಡ್ರೈವರ್‌ಗಳಿಗೆ ಪರೀಕ್ಷೆ ಇಟ್ಟ ಮೇಷ್ಟ್ರು

ಈಗಿನ ದೊಡ್ಡ ಲಾರಿ ಕಂಪನಿಗಳ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಹತ್ತಿರ ಒಂದು ಪುಟ್ಟ ಡಬ್ಬಿ ಇರುತ್ತೆ. ಗಾಡಿ ಎಷ್ಟು ಸ್ಪೀಡಲ್ಲಿ ಹೋಯಿತು, ಎಷ್ಟು ಸಲ ಗಕ್ಕನೆ ಬ್ರೇಕ್ ಬಿತ್ತು, ತಿರುವಿನಲ್ಲಿ ಎಷ್ಟು ಜೋರಾಗಿ ತಿರುಗಿತು, ಎಲ್ಲಾ ಲೆಕ್ಕ ಆಫೀಸಿಗೆ ಹೋಗುತ್ತೆ. ಕೆಲವು ಗಾಡಿಗಳಲ್ಲಿ ಕ್ಯಾಮೆರಾ ಡ್ರೈವರ್ ಮುಖವನ್ನೇ ನೋಡ್ತಾ ಇರುತ್ತೆ, ಕಣ್ಣು ಎಳೆದರೆ ಕಿರುಚುತ್ತೆ. ಕೊನೆಗೆ ಎಲ್ಲ ಸೇರಿ ಡ್ರೈವರ್‌ಗೆ ಒಂದು ಸ್ಕೋರ್ ಬರುತ್ತೆ, ನಮಗೆ ಇಂಟರ್ನಲ್ಸ್ ಮಾರ್ಕ್ಸ್ ಬಂದ ಹಾಗೆ. ಸ್ಕೋರ್ ಕಮ್ಮಿ ಆದರೆ ಏನಾಗುತ್ತೆ ಅನ್ನೋದು ಕಂಪನಿಗೆ ಬಿಟ್ಟಿದ್ದು.

ಇದೆಲ್ಲ ಸೆನ್ಸರ್ ಬಂದಮೇಲೆ ಹುಟ್ಟಿದ ಐಡಿಯಾ ಅಂತ ನಾವು ಅಂದುಕೊಂಡಿದ್ದೆವು. ಅಲ್ಲ. ನೂರು ವರ್ಷಕ್ಕೂ ಹಿಂದೆ, ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ, ಹನ್ನೆರಡು ಕಾರ್ಡು ಮತ್ತು ಒಂದು ಕೈಹಿಡಿ ಇಟ್ಟುಕೊಂಡು ಒಬ್ಬ ಪ್ರೊಫೆಸರ್ ಟ್ರಾಮ್ ಡ್ರೈವರ್‌ಗಳಿಗೆ ಇದೇ ಥರ ಸ್ಕೋರ್ ಹಾಕಿದ್ದರು. ಅವರ ಹೆಸರು ಹ್ಯೂಗೊ ಮುನ್‌ಸ್ಟರ್‌ಬರ್ಗ್. ಸೈಕಾಲಜಿ ಓದುವವರಿಗೆ ಗೊತ್ತಿರುವ ದೊಡ್ಡ ಹೆಸರು. ನಮ್ಮಂಥ ಇಂಜಿನಿಯರಿಂಗ್ ಮಂದಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಮುನ್‌ಸ್ಟರ್‌ಬರ್ಗ್ ಹುಟ್ಟಿದ್ದು 1863ರ ಜೂನ್ 1ರಂದು, ಡಾನ್‌ಜಿಗ್ ಅನ್ನೋ ಬಂದರು ಊರಿನಲ್ಲಿ. ಆಗ ಅದು ಪ್ರಷ್ಯಾಕ್ಕೆ ಸೇರಿತ್ತು, ಈಗ ಪೋಲೆಂಡ್‌ನಲ್ಲಿದೆ. ತಂದೆ ಮರದ ವ್ಯಾಪಾರಿ. ಹುಡುಗ ಓದಲು ಲೈಪ್‌ಜಿಗ್‌ಗೆ ಹೋದ. ಅಲ್ಲಿ ವಿಲ್‌ಹೆಲ್ಮ್ ವುಂಟ್ ಅನ್ನೋರು ಮನಸ್ಸನ್ನು ಲ್ಯಾಬ್‌ನಲ್ಲಿಟ್ಟು ಅಳೆಯಬಹುದು ಅಂತ ಹೊರಟಿದ್ದರು. ದೀಪ ಹತ್ತಿದ ಮೇಲೆ ಬೆರಳು ಒತ್ತಲು ಎಷ್ಟು ಹೊತ್ತು ಬೇಕು ಅನ್ನೋ ಥರದ ಪ್ರಯೋಗಗಳು. 1885ರಲ್ಲಿ ವುಂಟ್ ಹತ್ತಿರ ಡಾಕ್ಟರೇಟ್ ಮುಗಿಸಿದ ಮುನ್‌ಸ್ಟರ್‌ಬರ್ಗ್ 1887ರಲ್ಲಿ ಹೈಡಲ್‌ಬರ್ಗ್‌ನಲ್ಲಿ ವೈದ್ಯ ಪದವಿಯನ್ನೂ ಪಡೆದರು. ಆಮೇಲೆ ಫ್ರೈಬುರ್ಗ್‌ನಲ್ಲಿ ಮೇಷ್ಟ್ರು. ಅಲ್ಲಿ ಯೂನಿವರ್ಸಿಟಿ ಲ್ಯಾಬ್ ಇರಲಿಲ್ಲ, ಸ್ವಂತ ದುಡ್ಡು ಹಾಕಿ ಮನೆಯಲ್ಲೇ ಲ್ಯಾಬ್ ಮಾಡಿಕೊಂಡರು. ಗುರು ವುಂಟ್ ಜೊತೆ ಕೆಲವು ವಿಷಯಗಳಲ್ಲಿ ಜಗಳವೂ ಆಯಿತು, ಅದು ಬೇರೆ ಕತೆ.

ಈ ವುಂಟ್ ಅವರ ಗರಡಿ ನಮ್ಮ ದೇಶದವರೆಗೂ ಬಂದಿದೆ. ಮುನ್‌ಸ್ಟರ್‌ಬರ್ಗ್ ಹತ್ತಿರ ಹಾರ್ವರ್ಡ್‌ನಲ್ಲಿ ಕಲಿತ ನರೇಂದ್ರನಾಥ ಸೇನ್‌ಗುಪ್ತ ಅವರೇ ಕಲ್ಕತ್ತಾ ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗದ ಮೊದಲ ಮುಖ್ಯಸ್ಥರು. ವುಂಟ್ ಅವರ ಇನ್ನೊಬ್ಬ ಶಿಷ್ಯ ಸ್ಪಿಯರ್‌ಮನ್ ಹತ್ತಿರ ಲಂಡನ್‌ನಲ್ಲಿ ಕಲಿತು ಬಂದು ಮೈಸೂರಿನಲ್ಲಿ ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಹೌದು, ಮನೆಯಲ್ಲಿ ರೇಡಿಯೊ ಸ್ಟೇಷನ್ ಹಾಕಿ ಆಕಾಶವಾಣಿ ನಡೆಸಿದ ಅದೇ ಗೋಪಾಲಸ್ವಾಮಿ.

1889ರಲ್ಲಿ ಪ್ಯಾರಿಸ್‌ನ ಒಂದು ಸಮ್ಮೇಳನದಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಮುನ್‌ಸ್ಟರ್‌ಬರ್ಗ್ ಅವರನ್ನು ನೋಡಿದರು. ಹಾರ್ವರ್ಡ್‌ನ ಸೈಕಾಲಜಿ ಲ್ಯಾಬ್ ನೋಡಿಕೊಳ್ಳಲು ಜೇಮ್ಸ್‌ಗೆ ಯಾರಾದರೂ ಬೇಕಿತ್ತು. ಹೀಗೆ 1892ರಲ್ಲಿ, 29ನೇ ವಯಸ್ಸಿನಲ್ಲಿ, ಸರಿಯಾಗಿ ಇಂಗ್ಲಿಷ್ ಬಾರದ ಮೇಷ್ಟ್ರು ಹಾರ್ವರ್ಡ್‌ಗೆ ಬಂದಿಳಿದರು. ಮೂರು ವರ್ಷ ಇದ್ದು ವಾಪಸ್ ಹೋಗಿ, 1897ರಲ್ಲಿ ಮತ್ತೆ ಬಂದು ಅಲ್ಲೇ ನಿಂತರು. ಮರುವರ್ಷವೇ ಅಮೆರಿಕದ ಸೈಕಾಲಜಿ ಸಂಘಕ್ಕೆ ಅಧ್ಯಕ್ಷರಾದರು. ಭಾಷೆ ಬರಲ್ಲ ಅಂತ ಹಿಂದಿನ ಬೆಂಚಲ್ಲಿ ಕೂತುಕೊಳ್ಳೋ ನಮ್ಮ ಕೆಲವು ಫ್ರೆಂಡ್ಸ್‌ಗೆ ಇದನ್ನು ಹೇಳಬೇಕು.

ಲ್ಯಾಬ್‌ನೊಳಗೇ ಕೂರುವ ಸ್ವಭಾವ ಅವರದಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ನೆನಪು ಎಷ್ಟು ನಂಬಬಹುದು ಅಂತ 1908ರಲ್ಲಿ ಪುಸ್ತಕ ಬರೆದು ವಕೀಲರ ಕೋಪಕ್ಕೆ ಗುರಿಯಾದರು. ಆಮೇಲೆ ಕಾರ್ಖಾನೆ, ವ್ಯಾಪಾರ, ಜಾಹೀರಾತು ಎಲ್ಲದಕ್ಕೂ ಕೈ ಹಾಕಿದರು. ಅದೇ ದಾರಿಯಲ್ಲಿ ಎದುರಾದದ್ದು ಟ್ರಾಮ್.

ಆ ಕಾಲದ ಅಮೆರಿಕದ ಬೀದಿ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ಹಳಿ ಮೇಲೆ ಕರೆಂಟ್ ಟ್ರಾಮ್ ಬರುತ್ತಿದೆ. ಅದೇ ಬೀದಿಯಲ್ಲಿ ಕುದುರೆ ಗಾಡಿ, ಹೊಸದಾಗಿ ಬಂದ ಕಾರು, ನಡೆದು ಹೋಗುವ ಜನ, ಆಡುವ ಮಕ್ಕಳು. ಟ್ರಾಮ್ ಪಕ್ಕಕ್ಕೆ ತಿರುಗಿಸಲು ಆಗಲ್ಲ, ನಿಲ್ಲಿಸಬೇಕು ಅಷ್ಟೆ. ಒಂದೇ ವರ್ಷದಲ್ಲಿ 50,000ದವರೆಗೆ ಪರಿಹಾರದ ಕೇಸು ಬಂದ ಕಂಪನಿಗಳಿದ್ದವು. ಕೆಲವು ಕಡೆ ವರ್ಷದ ಒಟ್ಟು ಆದಾಯದಲ್ಲಿ ಶೇ. 13ರಷ್ಟು ಪರಿಹಾರಕ್ಕೇ ಹೋಗುತ್ತಿತ್ತು. ಅಂದರೆ ಸುರಕ್ಷತೆ ಬಗ್ಗೆ ಕಂಪನಿಗಳು ತಲೆಕೆಡಿಸಿಕೊಂಡಿದ್ದು ಬರೀ ಕರುಣೆಯಿಂದಲ್ಲ.

ಕಾರ್ಮಿಕ ಕಾನೂನಿಗಾಗಿ ದುಡಿಯುತ್ತಿದ್ದ ಒಂದು ಅಮೆರಿಕನ್ ಸಂಘ 1912ರ ಸುಮಾರಿಗೆ ಈ ಅಪಘಾತಗಳ ಬಗ್ಗೆ ಒಂದು ಸಭೆ ಕರೆಯಿತು. ಟ್ರಾಮ್ ಕಂಪನಿಯವರು, ಅರ್ಥಶಾಸ್ತ್ರದವರು, ದೇಹಶಾಸ್ತ್ರದವರು, ಜೊತೆಗೆ ಮುನ್‌ಸ್ಟರ್‌ಬರ್ಗ್. ದಿನದ ಯಾವ ಹೊತ್ತಿನಲ್ಲಿ ಅಪಘಾತ ಹೆಚ್ಚು, ಎಷ್ಟು ಗಂಟೆ ಕೆಲಸ ಆದಮೇಲೆ ಹೆಚ್ಚು ಅನ್ನೋ ಅಂಕಿಅಂಶ ಮುಂದಿಟ್ಟುಕೊಂಡು ಆಯಾಸದ ಬಗ್ಗೆ ಬೇಕಾದಷ್ಟು ಚರ್ಚೆ ಆಯಿತು. ಆದರೆ ಮಾತು ನಿಧಾನಕ್ಕೆ ಬೇರೆ ಕಡೆ ಹೊರಳಿತು. ಕಂಪನಿಯವರ ಪ್ರಕಾರ ಕೆಲವು ಡ್ರೈವರ್‌ಗಳಿಗೆ ಅಪಘಾತವೇ ಆಗಲ್ಲ. ಗಾಬರಿಬಿದ್ದ ಪಾದಚಾರಿ ಮುಂದಿನ ಹೆಜ್ಜೆ ಎಲ್ಲಿ ಇಡ್ತಾನೆ ಅಂತ ಅವರಿಗೆ ಮೊದಲೇ ಹೊಳೆಯುತ್ತೆ. ಇನ್ನು ಕೆಲವರಿಗೆ ಪದೇ ಪದೇ ಆಗುತ್ತೆ, ಅದೂ ಅಜಾಗರೂಕತೆಯಿಂದಲ್ಲ, ಮುಂದೆ ಏನಾಗುತ್ತೆ ಅಂತ ಕಾಣುವ ಶಕ್ತಿ ಕಮ್ಮಿ ಇರುವುದರಿಂದ. ಹಾಗಾದರೆ ಆ ಶಕ್ತಿಯನ್ನು ಅಳೆಯಬಹುದಾ?

ನಮಗೆ ಈ ಸಭೆ ತುಂಬಾ ಮುಖ್ಯ ಅನಿಸಿತು. ಗಂಟೆಗಳ ಲೆಕ್ಕ ಮೇಜಿನ ಮೇಲೇ ಇತ್ತು. ಅದನ್ನು ಪಕ್ಕಕ್ಕಿಟ್ಟು ಮನುಷ್ಯನನ್ನು ಅಳೆಯೋಣ ಅಂತ ಹೊರಟರು. ಗಂಟೆ ಕಮ್ಮಿ ಮಾಡಿದರೆ ಕಂಪನಿಗೆ ಖರ್ಚು, ಮನುಷ್ಯನನ್ನು ಬದಲಾಯಿಸಿದರೆ ಖರ್ಚಿಲ್ಲ. ಮುನ್‌ಸ್ಟರ್‌ಬರ್ಗ್ ಹೀಗೆ ಯೋಚಿಸಿದರು ಅಂತ ನಾವು ಹೇಳ್ತಿಲ್ಲ, ಆಯಾಸದ ಬಗ್ಗೆ ಅವರೂ ಬರೆದಿದ್ದಾರೆ. ಆದರೆ ಅವರ ಕೈಗೆ ಬಂದ ಪ್ರಶ್ನೆ ಮಾತ್ರ ಆ ಆಕಾರದಲ್ಲಿ ಬಂತು.

ಈಗ ಪ್ರಯೋಗಕ್ಕೆ ಬರೋಣ, ಇದು ನಿಜಕ್ಕೂ ಚೆನ್ನಾಗಿದೆ. ಮೊದಲು ಬರೋ ಐಡಿಯಾ ಅಂದರೆ ರಿಯಾಕ್ಷನ್ ಟೈಮ್ ಅಳೆಯೋದು. ಅದು ಸಾಲದು ಅಂತ ಅವರು ಬಿಟ್ಟರು. ತೀರಾ ನಿಧಾನ ಇರುವವರು ಹೇಗೂ ಬೇಗ ಸಿಕ್ಕಿಬೀಳ್ತಾರೆ, ಉಳಿದವರಲ್ಲಿ ಒಳ್ಳೆಯ ಡ್ರೈವರ್ ಯಾರು ಅಂತ ಅದು ಹೇಳಲ್ಲ. ಎರಡನೇ ಐಡಿಯಾ, ಬೀದಿಯ ಪುಟ್ಟ ಮಾಡೆಲ್ ಮಾಡೋದು. ಅದೂ ಬೇಡ ಅಂದರು. ಆಟಿಕೆ ಟ್ರಾಮ್ ನೋಡಿದಾಗ ನಿಜವಾದ ಬೀದಿಯಲ್ಲಿ ಆಗುವ ಅನುಭವ ಮನಸ್ಸಿಗೆ ಆಗಲ್ಲ. ಬೀದಿಯ ಥರ ಕಾಣದಿದ್ದರೂ ಪರವಾಗಿಲ್ಲ, ಬೀದಿಯಲ್ಲಿ ಮನಸ್ಸು ಮಾಡುವ ಕೆಲಸವನ್ನೇ ಇಲ್ಲೂ ಮಾಡಬೇಕು. ಮಾಡೆಲ್ ಅಂದರೆ ಏನು ಅಂತ ನಮಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಅವರು ಮಾಡಿದ್ದು ಹೀಗೆ. ಒಂದು ಉದ್ದದ ಕಾರ್ಡು, ಅದರ ಮೇಲೆ ಚೌಕಗಳು. ನಡುವೆ ಉದ್ದಕ್ಕೂ ಎರಡು ದಪ್ಪ ಗೆರೆ, ಅದೇ ಹಳಿ. ಹಳಿಯ ಉದ್ದಕ್ಕೂ ಎ ಇಂದ ಝಡ್‌ವರೆಗೆ ಅಕ್ಷರಗಳು. ಎರಡೂ ಪಕ್ಕದ ಚೌಕಗಳಲ್ಲಿ 1, 2, 3 ಅಂಕಿಗಳು. 1 ಅಂದರೆ ನಡೆಯುವ ಮನುಷ್ಯ, ಒಂದು ಚೌಕ ಸರಿಯುತ್ತಾನೆ. 2 ಅಂದರೆ ಕುದುರೆ, ಎರಡು ಚೌಕ. 3 ಅಂದರೆ ಕಾರು, ಮೂರು ಚೌಕ. ಕಪ್ಪು ಅಂಕಿಗಳು ಹಳಿಗೆ ಸಮಾನಾಂತರವಾಗಿ ಹೋಗುವಂಥವು, ಅವುಗಳಿಂದ ಅಪಾಯ ಇಲ್ಲ. ಕೆಂಪು ಅಂಕಿಗಳು ಹಳಿ ಕಡೆಗೇ ಬರುವಂಥವು. ಆದರೆ ಎಲ್ಲ ಕೆಂಪೂ ಅಪಾಯ ಅಲ್ಲ, ಇಲ್ಲೇ ಇರೋದು ಮಜಾ. ಹಳಿಯಿಂದ ನಾಲ್ಕು ಚೌಕ ದೂರ ಇರುವ ಕೆಂಪು 3 ಹಳಿಯನ್ನು ಮುಟ್ಟುವುದೇ ಇಲ್ಲ. ಒಂದೇ ಚೌಕ ದೂರ ಇರುವ ಕೆಂಪು 3 ಹಳಿ ದಾಟಿ ಆಚೆ ಹೋಗಿರುತ್ತೆ. ಸರಿಯಾಗಿ ಮೂರು ಚೌಕ ದೂರದ ಕೆಂಪು 3, ಎರಡು ಚೌಕ ದೂರದ ಕೆಂಪು 2, ಒಂದು ಚೌಕ ದೂರದ ಕೆಂಪು 1, ಇವು ಮಾತ್ರ ಹಳಿ ಮೇಲೆ ಬಂದು ನಿಲ್ಲುತ್ತವೆ. ಆ ಜಾಗದ ಅಕ್ಷರ ಕೂಗಬೇಕು.

ಪೂರ್ತಿ ಕಾರ್ಡು ಒಟ್ಟಿಗೆ ಕಾಣುವಂತಿಲ್ಲ. ಮೇಲೆ ಕಪ್ಪು ವೆಲ್ವೆಟ್ ಪಟ್ಟಿ, ಅದರಲ್ಲಿ ಒಂದು ಕಿಟಕಿ. ಕೈಹಿಡಿ ತಿರುಗಿಸಿದಂತೆ ಕಿಟಕಿ ಕಾರ್ಡಿನ ಉದ್ದಕ್ಕೂ ಜರುಗುತ್ತೆ. ತಿರುಗಿಸುವವರು ಪರೀಕ್ಷೆ ಬರೆಯುವವರೇ, ಆದ್ದರಿಂದ ಸ್ಪೀಡ್ ಅವರ ಕೈಯಲ್ಲೇ. ಜೋರಾಗಿ ತಿರುಗಿಸಿದರೆ ತಪ್ಪುತ್ತೆ, ನಿಧಾನಕ್ಕೆ ತಿರುಗಿಸಿದರೆ ಸಮಯ ಹೋಗುತ್ತೆ. ಇಂಥ 12 ಕಾರ್ಡು. ಹಿಡಿದ ಸೆಕೆಂಡುಗಳಿಗೆ, ಬಿಟ್ಟುಹೋದ ಪ್ರತಿ ಅಪಾಯಕ್ಕೆ 10ರಂತೆ ಕೂಡಿಸಿದರೆ ಸ್ಕೋರ್. ಕಮ್ಮಿ ಬಂದಷ್ಟೂ ಒಳ್ಳೆಯದು. ಈಗಿನ ಕಾರುಗಳು ಮುಂದಿರುವ ವಸ್ತುವಿನ ದೂರ ಮತ್ತು ವೇಗ ನೋಡಿ ಡಿಕ್ಕಿಯಾಗಲು ಎಷ್ಟು ಸೆಕೆಂಡು ಉಳಿದಿದೆ ಅಂತ ಲೆಕ್ಕ ಹಾಕಿ ಎಚ್ಚರಿಸುತ್ತವಲ್ಲ, ಆ ಲೆಕ್ಕವನ್ನೇ ಇಲ್ಲಿ ಡ್ರೈವರ್‌ನ ತಲೆಯಿಂದ ಮಾಡಿಸಿದ್ದು.

ನಾವು ನಾಲ್ಕು ಜನ ಹಾಸ್ಟೆಲ್‌ನಲ್ಲಿ ಗ್ರಾಫ್ ಶೀಟ್ ಮೇಲೆ ಇದನ್ನು ಮಾಡಿ ನೋಡಿದೆವು. ಮೊದಲ ಸಲ ಸುಲಭ ಅನಿಸುತ್ತೆ. ಮೂರನೇ ಶೀಟ್ ಹೊತ್ತಿಗೆ ಕಪ್ಪು ಅಂಕಿಗೂ ಕೂಗ್ತಾ ಇರ್ತೀವಿ.

ಬಾಸ್ಟನ್ ಟ್ರಾಮ್ ಕಂಪನಿ ಮುನ್‌ಸ್ಟರ್‌ಬರ್ಗ್ ಹತ್ತಿರ ಡ್ರೈವರ್‌ಗಳನ್ನು ಕಳಿಸಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಅಪಘಾತವಿಲ್ಲದೆ ಓಡಿಸಿದವರು ಕೆಲವರು, ಅಪಘಾತ ಜಾಸ್ತಿಯಾಗಿ ಕೆಲಸ ಹೋಗುವ ಅಂಚಿನಲ್ಲಿದ್ದವರು ಕೆಲವರು, ನಡುವಿನವರು ಕೆಲವರು. ಕಾರ್ಡಿನ ಮುಂದೆ ಕೂತಾಗ ಟ್ರಾಮ್ ಓಡಿಸುವಾಗಿನ ಅನುಭವವೇ ಆಯಿತು ಅಂತ ಡ್ರೈವರ್‌ಗಳು ಹೇಳಿದರಂತೆ. ಒಳ್ಳೆಯ ಡ್ರೈವರ್ ಅಂತ ಹೆಸರಾದವರ ಸ್ಕೋರೂ ಒಟ್ಟಾರೆ ಚೆನ್ನಾಗಿ ಬಂತು. ಹೀಗೆ ಮೊದಲೇ ಪರೀಕ್ಷಿಸಿ ಕೆಲಸಕ್ಕೆ ತೆಗೆದುಕೊಂಡರೆ ಅಪಘಾತ ಎಷ್ಟೋ ಕಮ್ಮಿ ಮಾಡಬಹುದು ಅಂತ ಅವರು ಬರೆದರು. ಅದು ಅವರ ಪುಸ್ತಕದಲ್ಲಿ ಬಂತು, ಜರ್ಮನ್‌ನಲ್ಲಿ 1912ರಲ್ಲಿ, ಇಂಗ್ಲಿಷ್‌ನಲ್ಲಿ 1913ರಲ್ಲಿ.

ಅದೇ ಪುಸ್ತಕದಲ್ಲಿ ಟೆಲಿಫೋನ್ ಆಪರೇಟರ್‌ಗಳ ಪ್ರಸಂಗವೂ ಇದೆ. ಕಂಪನಿಯವರು ಸುಮಾರು 30 ಜನ ಹೊಸ ಹುಡುಗಿಯರನ್ನು ಪರೀಕ್ಷೆಗೆ ಕಳಿಸಿದರು. ಅವರ ನಡುವೆ ಕೆಲವು ನುರಿತ ಆಪರೇಟರ್‌ಗಳನ್ನು ಹೇಳದೆ ಸೇರಿಸಿಬಿಟ್ಟಿದ್ದರು, ಮೇಷ್ಟ್ರಿಗೇ ಪರೀಕ್ಷೆ! ಆ ನುರಿತವರ ಹೆಸರು ಪಟ್ಟಿಯ ಮೇಲ್ತುದಿಯಲ್ಲೇ ಬಂತು.

ಆದರೂ ನಮಗೆ ಕೆಲವು ಅನುಮಾನ ಇವೆ. ಡ್ರೈವರ್‌ಗಳ ಸ್ಯಾಂಪಲ್ ಚಿಕ್ಕದು. ನಿಜವಾಗಿ ಕೆಟ್ಟ ಡ್ರೈವರ್‌ಗಳು ಆಗಲೇ ಕೆಲಸ ಕಳಕೊಂಡಿರುತ್ತಾರೆ, ಅವರು ಲ್ಯಾಬ್‌ಗೆ ಬರುವುದೇ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಜನ ಕಿಕ್ಕಿರಿದ ರೂಟಿನಲ್ಲಿ ಓಡಿಸುವವನಿಗೂ ಊರಾಚೆಯ ಖಾಲಿ ರೂಟಿನವನಿಗೂ ಅಪಘಾತದ ಸಂಖ್ಯೆ ಒಂದೇ ಥರ ಎಣಿಸಿದರೆ ಅದು ಡ್ರೈವರ್‌ನ ಗುಣ ಹೇಗಾಗುತ್ತೆ? 1919ರಲ್ಲಿ ಇಂಗ್ಲೆಂಡಿನ ಗ್ರೀನ್‌ವುಡ್ ಮತ್ತು ವುಡ್ಸ್ ಮದ್ದುಗುಂಡಿನ ಕಾರ್ಖಾನೆಯ ಹೆಣ್ಣುಮಕ್ಕಳ ಅಪಘಾತ ಎಣಿಸಿ, ಅದೃಷ್ಟದಿಂದ ಆಗುವುದಕ್ಕಿಂತ ಹೆಚ್ಚಾಗಿ ಕೆಲವರಿಗೇ ಪದೇ ಪದೇ ಆಗುತ್ತೆ ಅಂತ ತೋರಿಸಿದರು. ಅಪಘಾತದ ಜಾತಕ ಇರುವ ಮನುಷ್ಯ ಅನ್ನೋ ಮಾತು ಅಲ್ಲಿಂದ ಬಲವಾಯಿತು. ಒಂದು ವರ್ಷ ಜಾಸ್ತಿ ಅಪಘಾತ ಆದವನಿಗೆ ಮುಂದಿನ ವರ್ಷವೂ ಆಗುತ್ತಾ ಅನ್ನೋ ವಾದ ಆಮೇಲೆ ದಶಕಗಟ್ಟಲೆ ನಡೆಯಿತು.

ಮುನ್‌ಸ್ಟರ್‌ಬರ್ಗ್ ಹಾಕಿದ ದಾರಿಯಲ್ಲಿ ಬೇರೆಯವರು ಮುಂದೆ ಹೋದರು. 1920ರ ದಶಕದಲ್ಲಿ ಮಾರಿಸ್ ವಿಟೆಲೆಸ್ ಮಿಲ್ವಾಕಿ ಟ್ರಾಮ್ ಕಂಪನಿಗೆ ಡ್ರೈವರ್ ಆಯ್ಕೆಯ ಪರೀಕ್ಷೆ ಮಾಡಿಕೊಟ್ಟರು. ಆ ದಶಕದ ಕೊನೆಯಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಅಪಘಾತ ಜಾಸ್ತಿ ಇದ್ದ ಡ್ರೈವರ್‌ಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕಾರಣ ಹುಡುಕಿದರು. ಒಬ್ಬನಿಗೆ ಕಣ್ಣು ಸರಿ ಇಲ್ಲ, ಇನ್ನೊಬ್ಬನಿಗೆ ಬಿಪಿ, ಮತ್ತೊಬ್ಬನಿಗೆ ವೇಗದ ಅಂದಾಜು ತಪ್ಪುತ್ತೆ. ಒಂದೇ ಸ್ಕೋರ್‌ನಲ್ಲಿ ಇದು ಕಾಣಲ್ಲ. ಕಾರಣ ಗೊತ್ತಾದರೆ ಕನ್ನಡಕ ಕೊಡಿಸಬಹುದು, ಟ್ರೈನಿಂಗ್ ಕೊಡಬಹುದು. ನಮಗೆ ಬಾಸ್ಟನ್‌ಗಿಂತ ಕ್ಲೀವ್‌ಲ್ಯಾಂಡ್ ದಾರಿಯೇ ಹಿಡಿಸಿತು.

ಇದನ್ನೆಲ್ಲ ನೋಡಲು ಮುನ್‌ಸ್ಟರ್‌ಬರ್ಗ್ ಇರಲಿಲ್ಲ. 1914ರಲ್ಲಿ ಮಹಾಯುದ್ಧ ಶುರುವಾಯಿತು. ಅವರು ಜರ್ಮನಿಯ ಪರವಾಗಿ ಬರೆದರು, ಮಾತಾಡಿದರು. ಹಳೆಯ ಸ್ನೇಹಿತರು ಮುಖ ತಿರುಗಿಸಿದರು, ಗೂಢಚಾರ ಅಂತಲೂ ಅಂದರು. ಇವರನ್ನು ತೆಗೆದುಹಾಕದಿದ್ದರೆ ಕೊಡಬೇಕೆಂದಿದ್ದ 1 ಕೋಟಿ ಡಾಲರ್ ಕೊಡಲ್ಲ ಅಂತ ಹಾರ್ವರ್ಡ್‌ನ ಒಬ್ಬ ಹಳೆಯ ವಿದ್ಯಾರ್ಥಿ ಬೆದರಿಸಿದ. ಯೂನಿವರ್ಸಿಟಿ ಬಗ್ಗಲಿಲ್ಲ. ಆ ಒಂಟಿತನದಲ್ಲೂ ಅವರು ಸುಮ್ಮನೆ ಕೂರಲಿಲ್ಲ. ಮೂಕಿ ಸಿನಿಮಾ ನೋಡುವಾಗ ಮನಸ್ಸಿನಲ್ಲಿ ಏನಾಗುತ್ತೆ ಅಂತ 1916ರಲ್ಲಿ ಒಂದು ಪುಸ್ತಕ ಬರೆದರು. ಅದರಲ್ಲೂ ಗಮನ ಅನ್ನೋದೇ ಮುಖ್ಯ ವಿಷಯ.

ಅದೇ ವರ್ಷ ಡಿಸೆಂಬರ್ 16, ಶನಿವಾರ. ಹಾರ್ವರ್ಡ್ ಪಕ್ಕದಲ್ಲೇ ಇದ್ದ ರ‍್ಯಾಡ್‌ಕ್ಲಿಫ್ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕ್ಲಾಸ್ ಇತ್ತು. ಪಾಠ ಮಾಡ್ತಾ ಇದ್ದ ಹಾಗೇ ವೇದಿಕೆ ಮೇಲೆ ಕುಸಿದು ಬಿದ್ದು ತೀರಿಕೊಂಡರು. ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತು. ವಯಸ್ಸು 53.