ಜನರಲ್ ಜೇಮ್ಸ್ ಡೂಲಿಟಲ್

ಯೋಧರ ಜೀವನಚರಿತ್ರೆಗಳಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದದ್ದು ಡೂಲಿಟಲ್ ಅವರದು. 1896ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದ ಇವರು ಬಾಲ್ಯವನ್ನು ಅಲಾಸ್ಕದ ಚಳಿಯಲ್ಲಿ ಕಳೆದರು. ಸೈನ್ಯದಲ್ಲಿ ವೈಮಾನಿಕರಾಗಿದ್ದುಕೊಂಡೇ 1925ರಲ್ಲಿ ವಿಮಾನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ನಮ್ಮ ಮನೆತನದಲ್ಲಿ ಮೊದಲು ಕಾಲೇಜು ಕಂಡ ನನಗೆ ಅವರ ಪದಕಗಳಿಗಿಂತ ಈ ಪದವಿಯೇ ದೊಡ್ಡದೆನಿಸಿತು. 1929ರಲ್ಲಿ, ಹೊರಗಿನದೇನೂ ಕಾಣದಂತೆ ಮುಚ್ಚಿದ ಆಸನದಲ್ಲಿ ಕುಳಿತು, ಉಪಕರಣಗಳನ್ನಷ್ಟೇ ನಂಬಿ ವಿಮಾನವನ್ನು ಏರಿಸಿ ಇಳಿಸಿದರು.

ಪರ್ಲ್ ಹಾರ್ಬರಿನ ಪೆಟ್ಟಿಗೆ ಉತ್ತರವಾಗಿ 1942ರ ಏಪ್ರಿಲ್ 18ರಂದು, ಹಾರ್ನೆಟ್ ಎಂಬ ವಿಮಾನವಾಹಕ ನೌಕೆಯಿಂದ 16 ಬಾಂಬರ್‌ಗಳಲ್ಲಿ 80 ಜನರು ಅವರ ಮುಂದಾಳುತನದಲ್ಲಿ ಜಪಾನಿನ ಮೇಲೆರಗಿದರು. ಒಂದು ವಿಮಾನವೂ ಕೈಗುಳಿಯಲಿಲ್ಲ. ಪ್ಯಾರಾಚೂಟಿನಿಂದ ಚೀನಾದ ಗದ್ದೆಯಲ್ಲಿಳಿದ ಡೂಲಿಟಲ್, ತಮಗಿನ್ನು ಸೈನಿಕ ವಿಚಾರಣೆಯೇ ಗತಿಯೆಂದು ಭಾವಿಸಿದ್ದರು. ದೊರೆತದ್ದು ಅತ್ಯುನ್ನತ ಶೌರ್ಯಪದಕ, ಬ್ರಿಗೇಡಿಯರ್ ಜನರಲ್ ಪದವಿ. ಮುಂದೆ ಎಂಟನೆಯ ವಾಯುಸೇನೆಯ ದಂಡನಾಯಕರಾಗಿ ಜರ್ಮನಿಯ ವಿರುದ್ಧ ಬಾಂಬರ್ ಪಡೆಗಳನ್ನು ನಡೆಸಿದರು. ನಿವೃತ್ತರಾಗಿದ್ದಾಗ, 1985ರಲ್ಲಿ, ಪೂರ್ಣ ಜನರಲ್ ಪದವಿ ಲಭಿಸಿತು. 1993ರಲ್ಲಿ ತೀರಿಕೊಂಡರು.

ಆದರೆ ಆ ವೈಮಾನಿಕರನ್ನು ಬಚ್ಚಿಟ್ಟು ಕಾಪಾಡಿದ ಚೀನೀ ಹಳ್ಳಿಗರ ಮೇಲೆ ಜಪಾನಿ ಸೈನ್ಯ ಸೇಡು ತೀರಿಸಿಕೊಂಡಿತು. ಸಾವಿರಾರು ಜನ ಹತರಾದರು. ಡೂಲಿಟಲ್ಲರ ಕೀರ್ತಿಯನ್ನು ಕೊಂಡಾಡುವಾಗ ಆ ರೈತಾಪಿ ಜನರನ್ನೂ ನಾವು ನೆನೆಯಬೇಕೆಂಬುದು ನನ್ನ ಬಿನ್ನಹ.