ನಮ್ಮ ಪಕ್ಕದ ಗುಂಡ್ಲುಪೇಟೆಯ ನಜೀರ್ ಸಾಬರು

ರಜತ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಪರಿಚಯ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದಾಗ ನಾವು ಬಹಳ ಯೋಚನೆ ಮಾಡಲಿಲ್ಲ. ದಿವಂಗತ ಅಬ್ದುಲ್ ನಜೀರ್ ಸಾಬರ ಹೆಸರು ತಾನಾಗಿಯೇ ಬಂತು. ನಮ್ಮ ಸಂಘ ಹುಟ್ಟುವ ಹೊತ್ತಿಗೆ ಅವರು ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಆದರೂ ಸಂಘದ ಹಿರಿಯ ಸದಸ್ಯರಲ್ಲಿ ಎಷ್ಟೋ ಜನ ಓಟಿಗೆ ನಿಲ್ಲುವುದನ್ನು, ಸೋಲುವುದನ್ನು, ಲೆಕ್ಕ ಕೇಳುವುದನ್ನು ಕಲಿತದ್ದು ಅವರು ತಂದ ಮಂಡಲ ಪಂಚಾಯಿತಿಯಲ್ಲೇ.

ಶಿವನಸಮುದ್ರದವರಿಗೆ ನೀರಿನ ವಿಷಯ ಹೇಳಬೇಕಾಗಿಲ್ಲ. ಗಗನಚುಕ್ಕಿ, ಭರಚುಕ್ಕಿ ಎರಡೂ ಕಣ್ಣೆದುರಿಗೇ ಇವೆ. 1902ರಲ್ಲೇ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಆದರೆ ಹೊಳೆ ಪಕ್ಕದಲ್ಲಿದ್ದ ಮಾತ್ರಕ್ಕೆ ಕುಡಿಯುವ ನೀರು ಮನೆ ಹತ್ತಿರ ಬರುತ್ತದೆಯೇ? ಹೊಳೆ ಕೆಂಪಾಗಿ ಹರಿಯುವ ತಿಂಗಳುಗಳಲ್ಲಿ ಕೊಡ ಹೊತ್ತು ಅಲೆದ ಹೆಣ್ಣುಮಕ್ಕಳನ್ನು ಕೇಳಿದರೆ ಗೊತ್ತಾಗುತ್ತೆ.

ನಜೀರ್ ಸಾಬರು ಗುಂಡ್ಲುಪೇಟೆಯವರು. ಆಗ ಅದು ಮೈಸೂರು ಜಿಲ್ಲೆಗೇ ಸೇರಿತ್ತು. ಮಳೆ ನಂಬಿ ಬದುಕುವ ಸೀಮೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಬಂದಾಗ ಪಂಚಾಯತ್ ರಾಜ್ ಮತ್ತು ಗ್ರಾಮೀಣಾಭಿವೃದ್ಧಿ ಖಾತೆ ಇವರ ಕೈಗೆ ಬಂತು. ಆ ಕಾಲಕ್ಕೆ ಅದನ್ನು ಯಾರೂ ದೊಡ್ಡ ಖಾತೆ ಅಂತ ಲೆಕ್ಕಕ್ಕೆ ಇಟ್ಟಿರಲಿಲ್ಲ. ಬರ ಬಿದ್ದ ವರ್ಷಗಳಲ್ಲಿ ಹಳ್ಳಿ ಹಳ್ಳಿಗೂ ಬೋರ್‌ವೆಲ್ ಲಾರಿ ಓಡಿಸಿ, ಕೈಪಂಪು ಹಾಕಿಸಿ, ಕಡೆಗೆ ಜನರ ಬಾಯಲ್ಲಿ ನೀರ್ ಸಾಬ್ ಆಗಿಬಿಟ್ಟರು. ಸರ್ಕಾರ ಕೊಟ್ಟ ಬಿರುದಲ್ಲ ಅದು, ಕೊಡ ಹಿಡಿದವರು ಕೊಟ್ಟದ್ದು.

ಅವರ ನಿಜವಾದ ದೊಡ್ಡ ಕೆಲಸ ಮಾತ್ರ ಕಾನೂನಿನದು. ಅಲ್ಲಿಯವರೆಗೆ ಜಿಲ್ಲೆಯ ಅಭಿವೃದ್ಧಿ ಅಂದರೆ ಜಿಲ್ಲಾಧಿಕಾರಿಗಳ ಮೇಜಿನ ಮೇಲಿನ ಫೈಲು. 1983ರ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಕೆಲವು ಹಳ್ಳಿ ಸೇರಿ ಒಂದು ಮಂಡಲ, ಜಿಲ್ಲೆಗೊಂದು ಪರಿಷತ್ತು. ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆ. ಇಡೀ ದೇಶಕ್ಕೆ 73ನೇ ತಿದ್ದುಪಡಿ ಬಂದದ್ದು 1993ರಲ್ಲಿ ಎಂಬುದನ್ನು ನೆನೆದರೆ ಇದು ಎಷ್ಟು ಮುಂಚಿನ ಮಾತು ನೋಡಿ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ ಕೊಟ್ಟರು. ಎಲ್ಲವೂ ಸರಿಯಾಯಿತು ಅಂತ ನಾವು ಹೇಳುವುದಿಲ್ಲ. ಕಾಯಿದೆಯಲ್ಲಿದ್ದ ನ್ಯಾಯ ಪಂಚಾಯಿತಿ ಕಾಗದದಲ್ಲೇ ಉಳಿಯಿತು. ತಾಲ್ಲೂಕು ಸಮಿತಿಗೆ ಜನರಿಂದ ನೇರ ಆಯ್ಕೆ ಇರಲಿಲ್ಲ, ಅದಕ್ಕೆ ಬಲವೂ ಇರಲಿಲ್ಲ.

ಆ ಎಣಿಕೆಯ ರಾತ್ರಿ ನಮಗೆ ಇನ್ನೂ ನೆನಪಿದೆ. ಚಳಿ ಅಂದರೆ ಚಳಿ. ಅರಳಿಕಟ್ಟೆಯ ಹತ್ತಿರ ಬೆಂಕಿ ಹಾಕಿಕೊಂಡು ಅರ್ಧ ಊರೇ ಕೂತಿತ್ತು. ಮಳವಳ್ಳಿ ಕಡೆಯಿಂದ ಸೈಕಲ್ಲಿನ ಬೆಳಕು ಕಂಡರೆ ಸಾಕು, ಎಲ್ಲರೂ ಎದ್ದು ನಿಲ್ಲೋರು. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಆಗಲೇ ಎದೆಯ ಕಾಯಿಲೆ ಬಲಿತಿತ್ತು. ಎರಡು ಮಾತಾಡಿದರೆ ಕೆಮ್ಮು ಹಿಡಿಯುತ್ತಿತ್ತು. ಮನೆಯವರು ಬೇಡ ಬೇಡ ಅಂದರೂ ಕಂಬಳಿ ಹೊದ್ದು ಬಂದು ಕೂತರು. ಶಾಸಕರ ಚುನಾವಣೆಗೆ ಒಂದು ದಿನವೂ ನಿದ್ದೆ ಕೆಟ್ಟವರಲ್ಲ. ಈ ಸಲ ನಿಂತವರೆಲ್ಲ ಅವರ ಕಣ್ಣ ಮುಂದೆ ಬೆಳೆದ ಹುಡುಗರು, ಪಕ್ಕದ ಮನೆಯ ಸೊಸೆಯಂದಿರು. ಫಲಿತಾಂಶ ಬಂದಾಗ ಕೋಳಿ ಕೂಗುವ ಹೊತ್ತು. ಅವರು ಓಟು ಹಾಕಿದವನು ಸೋತಿದ್ದ. ಗೆದ್ದವನನ್ನೇ ಕರೆದು, ಮೊದಲು ಬೋರ್‌ವೆಲ್ ಸರಿಮಾಡಿಸು ಎಂದು ಹೇಳಿ, ಗೋಡೆ ಹಿಡಿದುಕೊಂಡು ಮನೆಗೆ ನಡೆದರು.

ನಜೀರ್ ಸಾಬರಿಗೂ ಆ ಚುನಾವಣೆಯಲ್ಲಿ ಸೋಲು ಗೆಲುವು ಎರಡೂ ಸಿಕ್ಕವು. ಹಲವು ಜಿಲ್ಲಾ ಪರಿಷತ್ತುಗಳು ಕಾಂಗ್ರೆಸ್ಸಿನ ಪಾಲಾದವು. ಅಧಿಕಾರ ಬಿಟ್ಟುಕೊಡಿ ಅಂತ ಹಟ ಹಿಡಿದವರ ಪಕ್ಷವೇ ಕೆಲವು ಕಡೆ ಅಧಿಕಾರ ಕಳೆದುಕೊಂಡಿತು. ಹಾಗಂತ ಕಾನೂನನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸೋತ ಜಿಲ್ಲೆಗೂ ಗೆದ್ದ ಜಿಲ್ಲೆಗೂ ಅದೇ ಕಾಯಿದೆ ನಡೆಯಿತು. ಇದು ಸಣ್ಣ ಮಾತಲ್ಲ.

ಮಂಡಲಗಳು ಇನ್ನೂ ನಡೆಯಲು ಕಲಿಯುತ್ತಿದ್ದವು, ಅಷ್ಟರಲ್ಲೇ ಅವರನ್ನು ಶ್ವಾಸಕೋಶದ ಕ್ಯಾನ್ಸರ್ ಹಿಡಿಯಿತು. 1988ರ ಆಗಸ್ಟಿನಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟು ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. ಬೊಮ್ಮಾಯಿಯವರು ಆಸ್ಪತ್ರೆಗೆ ನೋಡಲು ಹೋದಾಗ, ಹಾಸಿಗೆ ಹಿಡಿದಿದ್ದ ಮನುಷ್ಯ ತನಗಾಗಿ, ಮನೆಯವರಿಗಾಗಿ ಏನೂ ಕೇಳದೆ ಹಳ್ಳಿಯ ಬಡವರಿಗೆ ಮನೆ ಕಟ್ಟಿಸಿಕೊಡಿ ಎಂದು ಕೇಳಿದರಂತೆ. ಈ ಸಂಗತಿಯನ್ನು ಪಂಚಾಯಿತಿ ಕೆಲಸ ಮಾಡಿದ ಹಳಬರು ಈಗಲೂ ಹೇಳುವುದುಂಟು. ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು.

ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಈಗ ಅವರದೇ ಹೆಸರು. ಪಂಚಾಯಿತಿಗೆ ಆರಿಸಿ ಬಂದವರು ತರಬೇತಿಗೆ ಅಲ್ಲಿಗೆ ಹೋಗಿ ಬರುತ್ತಾರೆ. ಮಂಡಲ ಅನ್ನುವ ಹೆಸರು 1993ರ ಕಾಯಿದೆಯೊಂದಿಗೆ ಹೋಗಿ ಗ್ರಾಮ ಪಂಚಾಯಿತಿ ಆಯಿತು.

ಕಂಬಳಿ ಹೊದ್ದು ಬಂದಿದ್ದ ನಮ್ಮ ಬೀದಿಯ ಹಿರಿಯರು ನಜೀರ್ ಸಾಬರಿಗಿಂತ ಮೊದಲೇ ಹೋದರು, ಆ ಚುನಾವಣೆಯ ವರ್ಷದ ಮಳೆಗಾಲದಲ್ಲಿ. ಅಷ್ಟು ಹೊತ್ತಿಗೆ ಬೋರ್‌ವೆಲ್ ರಿಪೇರಿ ಆಗಿತ್ತು.