ಮನೆವಿದ್ಯೆಯನ್ನು ಕಾಲೇಜಿಗೆ ತಂದ ಹಕೀಮ್ ಅಜ್ಮಲ್ ಖಾನ್

ಹಕೀಮ್ ಅಜ್ಮಲ್ ಖಾನ್ ಸಾಹೇಬರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಓದಿರುತ್ತಾರೆ. 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು, ಜಾಮಿಯಾ ಮಿಲ್ಲಿಯಾದ ಮೊದಲ ಕುಲಪತಿ ಎಂಬಲ್ಲಿಗೆ ಪಾಠ ಮುಗಿದುಬಿಡುತ್ತದೆ. ವೈದ್ಯ ಶಿಕ್ಷಣಕ್ಕೆ ಅವರು ಸಲ್ಲಿಸಿದ ಸೇವೆ ಅದಕ್ಕಿಂತ ಕಡಿಮೆಯದಲ್ಲವೆಂದು ನನ್ನ ಅಭಿಪ್ರಾಯ.

ಅವರು 1868ರಲ್ಲಿ ದೆಹಲಿಯ ಪ್ರಸಿದ್ಧ ಶರೀಫಿ ವೈದ್ಯ ಮನೆತನದಲ್ಲಿ ಜನಿಸಿದರು. ಆಗ ಯುನಾನಿ ವಿದ್ಯೆ ತಂದೆಯಿಂದ ಮಗನಿಗೆ, ಉಸ್ತಾದರಿಂದ ಶಾಗಿರ್ದನಿಗೆ ಸಾಗುತ್ತಿತ್ತು. ಒಳ್ಳೆಯ ನುಸ್ಖಾ ಎಂದರೆ ಮನೆತನದ ಗುಟ್ಟು. ಹಕೀಮನೊಂದಿಗೆ ಎಷ್ಟೋ ಔಷಧಿಗಳೂ ಮಣ್ಣು ಸೇರುತ್ತಿದ್ದವು. ಈ ಬೇಲಿಯನ್ನು ಮೊದಲು ಸರಿಸಿದವರು ಹಿರಿಯಣ್ಣ ಅಬ್ದುಲ್ ಮಜೀದ್ ಖಾನರು. 1880ರ ದಶಕದಲ್ಲಿ ಅವರು ದೆಹಲಿಯಲ್ಲಿ ಮದ್ರಸ ತಿಬ್ಬಿಯಾ ತೆರೆದರು. ಅಜ್ಮಲ್ ಖಾನರು 1892ರಿಂದ ಸುಮಾರು ಹತ್ತು ವರ್ಷ ರಾಂಪುರದ ನವಾಬರ ವೈದ್ಯರಾಗಿದ್ದರು. ಅಣ್ಣಂದಿರ ನಿಧನದ ನಂತರ ಮದ್ರಸದ ಹೊಣೆ ಇವರ ಹೆಗಲಿಗೆ ಬಂತು.

ಹಣ ಬೇಕಿತ್ತು. ಅದಕ್ಕಾಗಿ ಹಿಂದೂಸ್ತಾನಿ ದವಾಖಾನ ಎಂಬ ಔಷಧಾಲಯ ನಡೆಸಿ, ಅದರ ಆದಾಯವನ್ನು ಶಿಕ್ಷಣಕ್ಕೆ ತಿರುಗಿಸಿದರು. ಪರ್ದಾದಲ್ಲಿದ್ದ ಸ್ತ್ರೀಯರು ಪುರುಷ ವೈದ್ಯರ ಬಳಿ ಹೋಗಲಾಗದೆ ನರಳುತ್ತಿದ್ದ ಆ ಕಾಲದಲ್ಲಿ, 1909ರಲ್ಲೇ ಮಹಿಳೆಯರಿಗಾಗಿ ಪ್ರತ್ಯೇಕ ವೈದ್ಯಶಾಲೆ ಆರಂಭಿಸಿದರು.

1912ರ ಬಾಂಬೆ ವೈದ್ಯಕೀಯ ಕಾಯಿದೆ ಪಾಶ್ಚಾತ್ಯ ವೈದ್ಯ ಕಲಿತವರಿಗಷ್ಟೇ ನೋಂದಣಿ ನೀಡಿತು. ಹಕೀಮರಿಗೂ ವೈದ್ಯರಿಗೂ ಇದೊಂದು ದೊಡ್ಡ ಪೆಟ್ಟು. ಅಜ್ಮಲ್ ಖಾನರು ಇಬ್ಬರನ್ನೂ ಒಂದೇ ಸಮ್ಮೇಳನದಡಿ ಸೇರಿಸಿ ಇಂಥ ಕಾನೂನುಗಳನ್ನು ವಿರೋಧಿಸಿದರು. ಹಾಗೆಂದು ನಮ್ಮ ಪದ್ಧತಿಯಲ್ಲಿ ಎಲ್ಲವೂ ಇದೆ ಎಂದು ಅವರು ಕೈಕಟ್ಟಿ ಕೂರಲಿಲ್ಲ. 1911ರಲ್ಲಿ ಯುರೋಪಿನ ಆಸ್ಪತ್ರೆಗಳನ್ನು ಕಣ್ಣಾರೆ ಕಂಡು ಬಂದಿದ್ದರು. ಅಂಗರಚನಾಶಾಸ್ತ್ರವನ್ನೂ ಶಸ್ತ್ರಚಿಕಿತ್ಸೆಯನ್ನೂ ಹಕೀಮರು ಕಲಿಯಲೇಬೇಕೆಂಬುದು ಅವರ ನಿಲುವು. ಹಳೆಯ ಹಕೀಮರಲ್ಲಿ ಎಲ್ಲರಿಗೂ ಇದು ಹಿಡಿಸಲಿಲ್ಲ.

ಆಯುರ್ವೇದ ಮತ್ತು ಯುನಾನಿ ಎರಡನ್ನೂ ಕಲಿಸುವ ತಿಬ್ಬಿಯಾ ಕಾಲೇಜಿಗೆ ದೆಹಲಿಯ ಕರೋಲ್ ಬಾಗ್‌ನಲ್ಲಿ 1916ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಅಡಿಗಲ್ಲು ಹಾಕಿದರು. 1921ರ ಫೆಬ್ರವರಿ 13ರಂದು ಅದನ್ನು ಉದ್ಘಾಟಿಸಿದವರು ಗಾಂಧೀಜಿ! ಐದೇ ವರ್ಷಗಳಲ್ಲಿ ದೇಶ ಎಷ್ಟು ಬದಲಾಗಿತ್ತು ನೋಡಿ. ಅಜ್ಮಲ್ ಖಾನರೂ ಅಷ್ಟರಲ್ಲಿ ಸರ್ಕಾರದ ಬಿರುದನ್ನು ಹಿಂತಿರುಗಿಸಿದ್ದರು. ಪಾಶ್ಚಾತ್ಯ ವಿಜ್ಞಾನಿಗಳ ಸಂಶೋಧನಾ ಮನೋಭಾವವನ್ನು ಹಕೀಮರೂ ವೈದ್ಯರೂ ಬೆಳೆಸಿಕೊಳ್ಳಬೇಕೆಂದು ಗಾಂಧೀಜಿ ಅಂದು ನೇರವಾಗಿಯೇ ಹೇಳಿದರು.

ಅದು ಅಜ್ಮಲ್ ಖಾನರ ಮನಸ್ಸಿನಲ್ಲೂ ಇದ್ದ ಮಾತೇ. ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದಿದ ಯುವಕ ಸಲೀಮುಝ್ಝಮಾನ್ ಸಿದ್ದೀಕಿಯವರನ್ನು ಕಾಲೇಜಿನ ಸಂಶೋಧನೆಗೆ ಕರೆಸಿಕೊಂಡರು. ಆದರೆ ಅದರ ಫಲ ನೋಡಲು ಅವರಿಗೆ ಆಯುಸ್ಸು ಇರಲಿಲ್ಲ. 1927ರ ಡಿಸೆಂಬರ್ ಕೊನೆಯಲ್ಲಿ ನಿಧನರಾದರು. 1931ರಲ್ಲಿ ಸಿದ್ದೀಕಿಯವರು ಸರ್ಪಗಂಧಿಯ ಬೇರಿನಿಂದ ಬೇರ್ಪಡಿಸಿದ ಒಂದು ಸತ್ವಕ್ಕೆ ಅಜ್ಮಲಿನ್ ಎಂದು ಹೆಸರಿಟ್ಟರು. ಹೃದಯ ಬಡಿತದ ದೋಷವನ್ನು ಪತ್ತೆಹಚ್ಚಲು ಕೆಲವು ದೇಶಗಳ ಆಸ್ಪತ್ರೆಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.